ಆನೆಗೊಂದಿಯ ಮಾಳಿಗೆ ಮನೆ: ಗೋಡೆ ಗಟ್ಟಿ, ಜಂತಿ ನೋಡಿ

ಆನೆಗೊಂದಿ ಊರೊಳಗೆ ಮಾರಾಟಕ್ಕಿರುವ ಈ ಹಳೆ ಮಾಳಿಗೆ (ಮಣ್ಣಿನ ಚಪ್ಪಟೆ ಚಾವಣಿ) ಮನೆಯ ಜೀವಾಳ ಪಡಸಾಲೆ. ಆರು ಕಂಬ, ನಡುವೆ ಬೆಳಕಿಂಡಿ, ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ. ಏಪ್ರಿಲ್ ಬಿಸಿಲಲ್ಲೂ ನೆಲ ತಣ್ಣಗಿರುತ್ತದೆ. ಕಾಂಕ್ರೀಟ್ ಮನೆಗೆ ಈ ಸುಖ ಎಲ್ಲಿಯದು!

ಚಿಂತೆ ಇರುವುದು ಮಾಳಿಗೆಯದು. ಅದಕ್ಕೆ ಹೊದಿಸುವ ಸವುಳು (ಉಪ್ಪಿನಂಶದ) ಮಣ್ಣು ನೀರು ಕುಡಿದು ಉಬ್ಬಿ ಬಿಗಿದುಕೊಳ್ಳುತ್ತದೆ, ಸೋರಲು ಬಿಡುವುದಿಲ್ಲ. ಆದರೆ ಪ್ರತಿ ಮಳೆಗಾಲಕ್ಕೆ ಮುಂಚೆ ಹೊಸ ಮಣ್ಣು ಹಾಕಿ ಬಿರುಕು ಮುಚ್ಚಬೇಕು. ಇಲ್ಲಿ ಆ ಕೆಲಸ ನಿಂತುಹೋಗಿದೆ. ಹಿಂದಿನ ಕೋಣೆಯಲ್ಲಿ ಮಾಳಿಗೆ ಹೊತ್ತ ಮರದ ಮೂರು ಜಂತಿಗಳಿಗೆ ಗೋಡೆಯೊಳಗೆ ಕೂತ ತುದಿಯಲ್ಲೇ ಗೆದ್ದಲು ಹಿಡಿದಿದೆ. ಸ್ಕ್ರೂಡ್ರೈವರ್ ಚುಚ್ಚಿದರೆ ಒಂದಿಂಚು ಸಲೀಸಾಗಿ ಇಳಿಯುತ್ತದೆ. ಬದಲಿಸದೆ ಗತ್ಯಂತರವಿಲ್ಲ, ಆ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ. ಮುಂದಿನ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದ್ದು ತಪ್ಪು: ತೇವ ಹೊರಬರಲಾಗದೆ ಹೊಪ್ಪಳಿಕೆ ಏಳುತ್ತಿದೆ. ಕಿತ್ತು ಸುಣ್ಣದ ಗಾರೆ ಮಾಡಿಸಬೇಕು.

ಊರು ಹಂಪಿ ವಿಶ್ವ ಪರಂಪರೆ ಪ್ರದೇಶಕ್ಕೆ ಸೇರಿದ್ದು. ದುರಸ್ತಿಗೆ ಕೈಹಾಕುವ ಮುನ್ನ ಅದರ ನಿರ್ವಹಣಾ ಪ್ರಾಧಿಕಾರದಲ್ಲಿ ಅನುಮತಿಯ ಬಗ್ಗೆ ವಿಚಾರಿಸಿ. ಗ್ರಾಮ ಪಂಚಾಯಿತಿ ಕೊಡುವ ಇ-ಸ್ವತ್ತು ಆಸ್ತಿ ದಾಖಲೆ, ಋಣಭಾರ ಪತ್ರ, ವಂಶವೃಕ್ಷ ಮೂರನ್ನೂ ತಾಳೆ ನೋಡಿ. ಪಾಲಾಗದ ಮನೆಯಾದರೆ ಹೆಣ್ಣುಮಕ್ಕಳೂ ಸೇರಿ ಎಲ್ಲ ಹಕ್ಕುದಾರರ ಸಹಿ ಬೀಳುವವರೆಗೆ ಮುಂಗಡ ಕೊಡಬೇಡಿ.