ವಿಂಡೋಸ್‌ಗೂ ಉಬುಂಟುಗೂ ಒಂದೇ ಡಿಸ್ಕ್: ಯಾವ ಫಾರ್ಮ್ಯಾಟ್ ಹಾಕಬೇಕು?

ಕಲಬುರಗಿಯ ನಮ್ಮ ವಿಡಿಯೋ ಸ್ಟುಡಿಯೋದಲ್ಲಿ ಎಡಿಟಿಂಗ್ ನಡೆಯುವುದು ವಿಂಡೋಸ್‌ನಲ್ಲಿ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಉಬುಂಟು, ಅಂದರೆ ಲಿನಕ್ಸ್‌ನ ಒಂದು ರೂಪ. ನಡುವೆ ಓಡಾಡುವ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಫ್ಯಾಟ್32, ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್, ಇಎಕ್ಸ್‌ಟಿ4 ಎಂಬ ನಾಲ್ಕೂ ಫಾರ್ಮ್ಯಾಟ್ (ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ) ಹಾಕಿ ನೋಡಿದ್ದೇನೆ.

ಫ್ಯಾಟ್32 ಬಗ್ಗೆ ಭಾಳ ಹೇಳುವುದಿಲ್ಲ. ಹಳೇ ಟಿವಿ, ಕಾರಿನ ಸ್ಟೀರಿಯೋ, ಜೆರಾಕ್ಸ್ ಅಂಗಡಿಯ ಕಂಪ್ಯೂಟರ್ ಎಲ್ಲವೂ ಓದುತ್ತವೆ. ಆದರೆ ಒಂದು ಫೈಲ್ 4 ಜಿಬಿ ಮುಟ್ಟಿದರೆ ಒಲ್ಲೆ ಅನ್ನುತ್ತದೆ. ಶರಣಬಸವೇಶ್ವರ ಜಾತ್ರೆಯ ತೇರು ಎಳೆಯುವುದನ್ನು 4ಕೆಯಲ್ಲಿ ಚಿತ್ರೀಕರಿಸಿ ಎಡಿಟ್ ಮಾಡಿದ ಫೈಲ್, ಡಿಸ್ಕ್ ಅರ್ಧ ಖಾಲಿ ಇದ್ದರೂ ಅದರೊಳಗೆ ಹೋಗದು.

ಎನ್‌ಟಿಎಫ್‌ಎಸ್ ಗಟ್ಟಿ ಆಳು. ಬದಲಾವಣೆಗಳನ್ನು ಮೊದಲು ಜರ್ನಲ್‌ನಲ್ಲಿ ಬರೆದುಕೊಳ್ಳುವುದರಿಂದ, ಬೇಸಿಗೆಯಲ್ಲಿ ಕಾಪಿ ಆಗುವಾಗ ಕರೆಂಟ್ ಹೋದರೆ ಆ ಒಂದು ಫೈಲ್ ಹಾಳಾದೀತು, ಉಳಿದದ್ದು ಸಾಮಾನ್ಯವಾಗಿ ಉಳಿಯುತ್ತದೆ. 2021ರಲ್ಲಿ ಲಿನಕ್ಸ್‌ನ ಒಳತಿರುಳಾದ ಕರ್ನಲ್‌ನ 5.15 ಆವೃತ್ತಿಗೆ ಇದನ್ನು ಓದಿ ಬರೆಯುವ ಹೊಸ ಡ್ರೈವರ್ ಕೂಡ ಬಂತು. ಕಿರಿಕಿರಿ ಇರುವುದು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್‌ನಿಂದ. ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಮಲಗುವುದಿಲ್ಲ. ಡಿಸ್ಕ್ ಇಜೆಕ್ಟ್ ಮಾಡದೆ ಹಾಗೇ ಕಿತ್ತು ತಂದರೆ ಉಬುಂಟು ಕೆಲವೊಮ್ಮೆ ಓದಲಷ್ಟೇ ಬಿಡುತ್ತದೆ, ಬರೆಯಲು ಬಿಡುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿದ ಮೇಲೆ ಆ ಕಾಟ ತಪ್ಪಿತು. ಮದುವೆ ಮನೆಯವರ ಬಳಿ ಮ್ಯಾಕ್ ಇದ್ದರೆ ಬೇರೆ ತೊಂದರೆ: ಎನ್‌ಟಿಎಫ್‌ಎಸ್ ಡಿಸ್ಕ್‌ನಿಂದ ಅದು ಓದಿಕೊಳ್ಳುತ್ತದೆ, ಆದರೆ ಅದಕ್ಕೆ ಏನನ್ನೂ ಹಾಕಿಕೊಡದು.

ಎಕ್ಸ್‌ಫ್ಯಾಟ್ ಮೂರೂ ಕಡೆ ನಡೆಯುತ್ತದೆ. ಮೈಕ್ರೋಸಾಫ್ಟ್ ಇದರ ವಿವರಣೆಯನ್ನು 2019ರಲ್ಲಿ ಬಹಿರಂಗಗೊಳಿಸಿತು. ಅದೇ ವರ್ಷ ಲಿನಕ್ಸ್ 5.4ರಲ್ಲಿ ಬೆಂಬಲ ಬಂತು, 2020ರ 5.7ರಲ್ಲಿ ಇನ್ನೂ ಒಳ್ಳೆಯ ಡ್ರೈವರ್. ಆದರೆ ಜರ್ನಲ್ ಇಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗೆ ಚುಚ್ಚಿ ದೊಡ್ಡ ಕಾಪಿ ಹಾಕಿ ಊಟಕ್ಕೆ ಹೋಗುವವರಿಗೆ ನಾನಿದನ್ನು ಹೇಳುವುದಿಲ್ಲ. ಗಿರಾಕಿಗೆ ಕೊಡುವ ಪೆನ್‌ಡ್ರೈವ್‌ಗೆ ಮಾತ್ರ ಇದೇ. ಸ್ಟುಡಿಯೋ ಡಿಸ್ಕ್‌ಗೆ ನನ್ನ ಮತ ಎನ್‌ಟಿಎಫ್‌ಎಸ್‌ಗೇ.

ಇಎಕ್ಸ್‌ಟಿ4 ಲಿನಕ್ಸ್‌ನ ಮನೆಮಗ. ಯಾರು ಓದಬಹುದು, ಬರೆಯಬಹುದು ಎಂಬ ಅನುಮತಿಗಳು, ಸಿಂಬಾಲಿಕ್ ಲಿಂಕ್ (ಬೇರೆ ಫೈಲ್‌ಗೆ ಕೈತೋರುವ ಕೊಂಡಿ) ಎಲ್ಲ ಹಾಗೇ ಉಳಿಯುತ್ತವೆ. ವಿಂಡೋಸ್ ಮಾತ್ರ ಅದನ್ನು ಕಂಡ ಕೂಡಲೇ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಸ್ಟುಡಿಯೋ ಹುಡುಗರು ಓದದೆ ಓಕೆ ಒತ್ತುವವರು. ಹಾಗಾಗಿ ಅದನ್ನು ಮನೆಯ ಬ್ಯಾಕಪ್‌ಗೇ ಇಟ್ಟಿದ್ದೇನೆ.

ಕನ್ನಡದಲ್ಲಿ ಹೆಸರಿಡುವವರು ಇನ್ನೊಂದು ನೋಡಿಕೊಳ್ಳಿ. ಇಎಕ್ಸ್‌ಟಿ4ರಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ. ಕನ್ನಡದ ಪ್ರತಿ ಅಕ್ಷರ, ಹಲಂತ (ಒತ್ತು ಕೂಡಿಸುವ ಗುರುತು), ಗುಣಿತದ ಗುರುತಿಗೂ ಮೂರು ಬೈಟ್ ಬೇಕು. ‘ಶ್ರೀ’ ಒಂದಕ್ಕೇ, ಅಂದರೆ ಶ, ಹಲಂತ, ರ, ದೀರ್ಘದ ಗುಣಿತ ಸೇರಿ, 12 ಬೈಟ್. ಎನ್‌ಟಿಎಫ್‌ಎಸ್ ಬೈಟ್ ಬದಲು ಗುರುತುಗಳನ್ನು ಎಣಿಸುವುದರಿಂದ ಅದಕ್ಕೆ ಇದು ನಾಲ್ಕೇ. ವಧೂವರರ ಹೆಸರು, ಊರು, ಕಲ್ಯಾಣ ಮಂಟಪ ಎಲ್ಲ ಸೇರಿಸಿ ಇಟ್ಟ ಹೆಸರು ಅಲ್ಲಿ ಸಲೀಸಾಗಿ ಕೂತು, ಬ್ಯಾಕಪ್‌ಗೆ ಹಾಕುವಾಗ ‘ಹೆಸರು ಉದ್ದವಾಯಿತು’ ಎಂದು ನಿಲ್ಲುತ್ತದೆ. ಊರು, ಮಂಟಪವನ್ನು ಫೋಲ್ಡರ್ ಹೆಸರಿಗೆ ಕೊಟ್ಟರೆ ಸಾಕು.