ವಿಜಯಪುರದಲ್ಲಿ ಓದಲು ಬಾಡಿಗೆ ಕುರ್ಚಿ: ನಾನು ಹೋಗುವ ರೀಡಿಂಗ್ ರೂಮ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ, ರೂಮ್ ಚೆನ್ನಾಗಿದೆ. ತಿಂಗಳಿಗೆ 800 ರೂಪಾಯಿಗೆ ಇದಕ್ಕಿಂತ ಒಳ್ಳೆ ಜಾಗ ವಿಜಯಪುರದಲ್ಲಿ ನನಗಂತೂ ಸಿಕ್ಕಿಲ್ಲ. ಹೆಸರು ಮಾತ್ರ ಹಾಕುವುದಿಲ್ಲ. ಮುಂದೆ ಸ್ವಲ್ಪ ಬೈಯುವುದೂ ಇದೆ, ಓನರ್ ಕಾಕಾ ಓದಿದರೆ ನನ್ನ ಸೀಟು ಹೋಯಿತು ಅಂತಲೇ ಲೆಕ್ಕ. ಆಶ್ರಮ ರಸ್ತೆ ಕಡೆ ಅಂತ ಇಟ್ಟುಕೊಳ್ಳಿ, ಸಾಕು.

ಗೊತ್ತಿಲ್ಲದವರಿಗೆ ಒಂದು ಮಾತು. ರೀಡಿಂಗ್ ರೂಮ್ ಅಂದರೆ ಲೈಬ್ರರಿ ಅಲ್ಲ. ಪುಸ್ತಕ ನಿಮ್ಮದೇ ಒಯ್ಯಬೇಕು. ಅವರು ಕೊಡುವುದು ಒಂದು ಕುರ್ಚಿ, ಮೂರು ಕಡೆ ಪ್ಲೈವುಡ್ ಹೊಡೆದ ಟೇಬಲ್, ತಲೆ ಮೇಲೆ ಫ್ಯಾನು, ಮೊಬೈಲಿಗೆ ಒಂದು ಪ್ಲಗ್ಗು, ಸುತ್ತಲೂ ಮಾತಾಡದ ಜನ. ಅಷ್ಟೇ. ಹಳ್ಳಿ ಮನೆಯಲ್ಲಿ ಟಿವಿ, ನೆಂಟರು, ದನ, ತಮ್ಮನ ರೀಲ್ಸ್, ಇದೆಲ್ಲದರ ನಡುವೆ ಓದಿದವರಿಗೆ ಆ ಮಾತಾಡದ ಜನ ಎಷ್ಟು ದೊಡ್ಡ ಸೌಲಭ್ಯ ಅನ್ನೋದು ಗೊತ್ತಿರುತ್ತೆ. ಯಾರಾದರೂ ಕೆಮ್ಮಿದರೂ ಎಲ್ಲರೂ ತಿರುಗಿ ನೋಡುತ್ತಾರೆ, ಪಾಪ.

ಕುರ್ಚಿಗೆ ಕುಶನ್ ಇದೆ, ಬೆನ್ನು ನೋಯುವುದಿಲ್ಲ. ಟೇಬಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನ್ನದರ ಪ್ಲೈವುಡ್ ಮೇಲೆ ನನಗಿಂತ ಮೊದಲು ಕೂತವರು ಬರೆದದ್ದೆಲ್ಲ ಹಾಗೇ ಇದೆ. ಒಂದು ಕಡೆ ಬೆಳಿಗ್ಗೆ ಐದರಿಂದ ಟೈಮ್ ಟೇಬಲ್. ಅದರ ಕೆಳಗೆ ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ 'ಪಿಎಸ್‌ಐ 545', ಅದಕ್ಕೆ ಎರಡು ಗೆರೆ. ಮೂಲೆಯಲ್ಲಿ ಸಣ್ಣಗೆ 'ಅವ್ವಾ, ಈ ಸಲ ಪಕ್ಕಾ'. ಯಾರು ಬರೆದರೋ, ಆಯಿತೋ ಇಲ್ಲವೋ. ಆ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳ ಪರೀಕ್ಷೆ ನಡೆದದ್ದು 2021ರ ಅಕ್ಟೋಬರಿನಲ್ಲಿ. ಅಕ್ರಮ ಬಯಲಾಗಿ 2022ರ ಏಪ್ರಿಲಿನಲ್ಲಿ ರದ್ದಾಯಿತು. ಮತ್ತೆ ಬರೆಸಿದ್ದು 2024ರ ಜನವರಿಯಲ್ಲಿ! ಇವತ್ತಿನ ರೇಟಿನಲ್ಲಿ ಎರಡು ವರ್ಷ ಕುರ್ಚಿ ಬಾಡಿಗೆ ಅಂದರೆ 19,200 ರೂಪಾಯಿ. ಅದರ ಮೇಲೆ ರೂಮ್ ಬಾಡಿಗೆ, ಖಾನಾವಳಿ ಖರ್ಚು ಬೇರೆ. ಕೆಎಎಸ್, ಅಂದರೆ ರಾಜ್ಯದ ಆಡಳಿತ ಸೇವೆ ಪರೀಕ್ಷೆಯ ಕಥೆಯೂ ಹಾಗೇ. 2024ರ ಆಗಸ್ಟಿನಲ್ಲಿ 384 ಹುದ್ದೆಗೆ ಪ್ರಿಲಿಮ್ಸ್ ಆಯಿತು, ಕನ್ನಡ ಪ್ರಶ್ನೆಗಳಲ್ಲಿ ತಪ್ಪೋ ತಪ್ಪು, ಡಿಸೆಂಬರಿನಲ್ಲಿ ಮತ್ತೆ ಬರೆಸಿದರು. ದೊಡ್ಡವರಿಗೆ ಅದೊಂದು ಆದೇಶ. ಇಲ್ಲಿ ಕೂತವರಿಗೆ ಮತ್ತೆ ಅಷ್ಟು ತಿಂಗಳ ಕುರ್ಚಿ.

ಸರಿ, ಉಳಿದ ಸೌಲಭ್ಯ. ಇನ್ವರ್ಟರ್ ಇದೆ, ಕರೆಂಟ್ ಹೋದರೂ ಫ್ಯಾನ್ ತಿರುಗುತ್ತೆ. ನಮ್ಮ ಊರಿನ ಏಪ್ರಿಲ್, ಮೇ ಬಿಸಿಲು ಗೊತ್ತಲ್ಲ, ಆಗ ಇದೊಂದೇ ಕಾರಣಕ್ಕೆ 800 ಕೊಡಬಹುದು. ಫಿಲ್ಟರ್ ನೀರು ಇದೆ. ವೈಫೈ ಇದೆ ಅಂತ ಬೋರ್ಡಿನಲ್ಲಿ ಬರೆದಿದ್ದಾರೆ, ನಂಬಬೇಡಿ. ಟಾಯ್ಲೆಟ್ ಹುಡುಗಿಯರಿಗೆ ಬೇರೆ ಇದೆ, ಆದರೆ ಬೋಲ್ಟ್ ಸರಿಯಾಗಿ ಬೀಳುವುದಿಲ್ಲ. ಹೇಳಿ ಹೇಳಿ ಸಾಕಾಗಿದೆ.

ನನ್ನ ದೊಡ್ಡ ತಕರಾರು ಟೈಮಿನದು. ಹುಡುಗರಿಗೆ ರಾತ್ರಿ ಹನ್ನೊಂದರವರೆಗೆ, ನಮಗೆ ಎಂಟಕ್ಕೇ ಬಂದ್. ಫೀ ಮಾತ್ರ ಒಂದೇ! ಕೇಳಿದರೆ ಕಾಕಾ, 'ತಂಗಿ, ನಾಳೆ ನಿಮ್ಮ ಮನಿಯವ್ರು ನನ್ನ ಕೇಳ್ತಾರವ್ವಾ' ಅಂತಾರೆ. ಅವರ ಕಷ್ಟ ಅರ್ಥವಾಗುತ್ತೆ, ಒಪ್ಪುವುದಿಲ್ಲ. 2003ರಿಂದ ಮಹಿಳಾ ವಿಶ್ವವಿದ್ಯಾಲಯ ಇರುವ ಊರಿದು. ಇಲ್ಲಿ ಹುಡುಗಿ ಓದಿ ರಾತ್ರಿ ಒಂಬತ್ತೂವರೆಗೆ ಪಿಜಿಗೆ ನಡೆದು ಹೋಗುವಷ್ಟು ಬೀದಿ ದೀಪ ಇಲ್ಲ ಅಂದರೆ ಅದು ಕಾಕಾನ ತಪ್ಪಲ್ಲ ಬಿಡಿ.

ಊಟಕ್ಕೆ ತೊಂದರೆ ಇಲ್ಲ. ಕೆಳಗೇ ಖಾನಾವಳಿ ಇದೆ. ನನಗೆ ಇಂಡಿ ಕಡೆಯಿಂದ ಬಸ್ಸಿಗೆ ಬುತ್ತಿ ಬರುತ್ತೆ: ರೊಟ್ಟಿ, ಶೇಂಗಾ ಹಿಂಡಿ, ಒಂದು ಪಲ್ಯ. ಕಂಡಕ್ಟರ್ ಅಣ್ಣ ಬಾಕ್ಸ್ ಕೊಡುವಾಗ ನಾನು ಪ್ರತಿ ಸಲ ಬಸ್ಸಿನ ಮೈಮೇಲೆ ಬರೆದದ್ದನ್ನು ಓದುತ್ತೇನೆ: ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ. ಬಸ್ಸಿನ ಲೆಕ್ಕಕ್ಕೆ ನಾವು ಕಲ್ಯಾಣ ಕರ್ನಾಟಕ, ನೌಕರಿ ಲೆಕ್ಕಕ್ಕೆ ಅಲ್ಲ. ಸಂವಿಧಾನದ 371(ಜೆ) ವಿಧಿಯ ನೌಕರಿ ಮೀಸಲಾತಿ ಪಕ್ಕದ ಕಲಬುರಗಿ, ಯಾದಗಿರಿಯವರಿಗಿದೆ, ವಿಜಯಪುರ ಜಿಲ್ಲೆಗಿಲ್ಲ. ಅವರಿಗೆ ಸಿಕ್ಕಿದ್ದಕ್ಕೆ ಹೊಟ್ಟೆಕಿಚ್ಚಿಲ್ಲ, ಸಿಗಬೇಕಾದದ್ದೇ. ಗಡಿ ದಾಟಿದ ತಕ್ಷಣ ಇಂಡಿ ಶಾಲೆ ಏನು ಬೆಂಗಳೂರಿನ ಶಾಲೆ ಆಗಿಬಿಡುತ್ತಾ ಅನ್ನೋದು ನನ್ನ ಪ್ರಶ್ನೆ.

ಈ ರೂಮಿನಲ್ಲಿ ಫೀಗೆ ಸೇರದ ಒಂದು ಸೌಲಭ್ಯ ಅಂದರೆ ಸಂಜೆ ಐದರ ಚಹಾ. ಮೆಟ್ಟಿಲ ಕೆಳಗೆ ಹತ್ತು ಹನ್ನೆರಡು ಜನ ನಿಲ್ಲುತ್ತೇವೆ. ಕರೆಂಟ್ ಅಫೇರ್ಸ್ ಅಂತ ಶುರುವಾದದ್ದು ದೇಶ ಯಾರು ನಡೆಸಬೇಕು ಅನ್ನುವಲ್ಲಿಗೆ ಹೋಗಿ ಮುಟ್ಟುತ್ತೆ. ಜಮಖಂಡಿ ಕಡೆಯ ಅಣ್ಣ ಒಬ್ಬರಿದ್ದಾರೆ, ಬಿ.ಡಿ. ಜತ್ತಿ ಹೆಸರು ತೆಗೆಯದೆ ಅವರ ಚಹಾ ಮುಗಿಯುವುದಿಲ್ಲ. ಸಾವಳಗಿಯಲ್ಲಿ ಹುಟ್ಟಿ, ಜಮಖಂಡಿ ಪುರಸಭೆಯಿಂದ ಶುರು ಮಾಡಿ, ಮುಖ್ಯಮಂತ್ರಿ, ಉಪರಾಷ್ಟ್ರಪತಿ ಆಗಿ, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆದವರು. ನನಗೆ ಅದಕ್ಕಿಂತ ಹಿಡಿಸುವುದು ಸಿದ್ದು ನ್ಯಾಮಗೌಡರ ಕಥೆ. ಸರ್ಕಾರದ ದಾರಿ ಕಾಯದೆ ರೈತರೇ ದುಡ್ಡು ಹಾಕಿ, ಮೈಮುರಿದು, 1989ರಲ್ಲಿ ಚಿಕ್ಕಪಡಸಲಗಿ ಹತ್ತಿರ ಕೃಷ್ಣಾ ನದಿಗೆ ಬ್ಯಾರೇಜ್ ಕಟ್ಟಿದರಲ್ಲ, ಮುಂದೆ ನಿಂತು ಕಟ್ಟಿಸಿದವರು ಅವರು. ಜನ 'ಬ್ಯಾರೇಜ್ ಸಿದ್ದು' ಅಂತಲೇ ಕರೆದರು. 1991ರ ಲೋಕಸಭೆ ಚುನಾವಣೆಯಲ್ಲಿ ಬಾಗಲಕೋಟೆಯಿಂದ ನಿಂತು ರಾಮಕೃಷ್ಣ ಹೆಗಡೆಯವರಂಥವರನ್ನೇ ಸೋಲಿಸಿದರು, ಕೇಂದ್ರದಲ್ಲಿ ಮಂತ್ರಿಯೂ ಆದರು. ಮೊದಲು ಕೆಲಸ, ಆಮೇಲೆ ಓಟು. ನನಗೆ ಬೇಕಾದ ನಾಯಕರು ಈ ಸಾಲಿನವರು. ಪಕ್ಷ ಯಾವುದಾದರೂ ಇರಲಿ.

ಬ್ಯಾರೇಜ್ ಬದಲು ಶಾಲೆ ಅಂತ ಯೋಚಿಸಿ ನೋಡಿ. ಹಿಂದೆ ಆಗಿದೆ. 1910ರಲ್ಲಿ ಇದೇ ಊರಿನಲ್ಲಿ ಫ.ಗು. ಹಳಕಟ್ಟಿಯವರು ಮುಂದಾಗಿ ಬಿಎಲ್‌ಡಿಇ ಶಿಕ್ಷಣ ಸಂಸ್ಥೆ ಕಟ್ಟಿದರು, 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಮೇಷ್ಟ್ರು ಸೇರಿ ಕೆಎಲ್ಇ ಶುರು ಮಾಡಿದರು. ಈಗ ಸರ್ಕಾರದ ಹತ್ತಿರ ಕಟ್ಟಡವೇ ಇದೆ. ಊರೂರಿಗೆ ಶಾಲೆ, ಬೆಂಚು, ಫ್ಯಾನು, ಎಲ್ಲ. ಸಂಜೆ ನಾಲ್ಕೂವರೆಗೆ ಬೀಗ! ನಮ್ಮೂರ ಶಾಲೆಗೆ ಬೀಗ ಬೀಳುವ ಹೊತ್ತಿಗೆ ನಾನು ಇಲ್ಲಿ ದುಡ್ಡು ಕೊಟ್ಟು ಬೆಂಚು ಹಿಡಿದು ಕೂತಿರುತ್ತೇನೆ. ಒಂದು ಕೋಣೆ ರಾತ್ರಿ ಹತ್ತರವರೆಗೆ ತೆರೆದಿಟ್ಟು, ಒಬ್ಬರಿಗೆ ಸಂಬಳ ಕೊಟ್ಟು ಕೂರಿಸಿದರೆ ಸಾಕು, ಈ ರೂಮಿನ ಅರ್ಧ ಜನ ಊರಲ್ಲೇ ಓದುತ್ತಾರೆ. ಕಾಕಾನ ವ್ಯಾಪಾರ ಬೀಳುತ್ತೆ, ಬೀಳಲಿ.

ಮೇಷ್ಟ್ರ ವಿಷಯ ತೆಗೆದರೆ ಚಹಾ ಆರಿಹೋಗುತ್ತೆ. ಪ್ರಾಥಮಿಕ ಶಾಲೆಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಅಂತ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತೆ, ಅದು ಜಾರಿಯಾದದ್ದು 2010ರಲ್ಲಿ. ನಾನು ಹೈಸ್ಕೂಲಿನಲ್ಲಿದ್ದಾಗ ಗಣಿತಕ್ಕೆ ಅತಿಥಿ ಶಿಕ್ಷಕರು ಬಂದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಈಗ ಟಿಇಟಿಗೆ, ಅಂದರೆ ಮೇಷ್ಟ್ರಾಗಲು ಬರೆಯುವ ಅರ್ಹತಾ ಪರೀಕ್ಷೆಗೆ, ಅದೇ ಗಣಿತವನ್ನು 8ನೇ ತರಗತಿ ಪುಸ್ತಕ ಹಿಡಿದು ಮೊದಲಿಂದ ಕಲಿಯುತ್ತಿದ್ದೇನೆ. ದೇಶದ ಆದಾಯದಲ್ಲಿ ನೂರಕ್ಕೆ 6ರಷ್ಟು ಶಿಕ್ಷಣಕ್ಕೆ ಇಡಬೇಕು ಅಂತ 1964–66ರ ಕೊಠಾರಿ ಆಯೋಗ ಹೇಳಿತ್ತು. ನಮ್ಮಪ್ಪ ಆಗಿನ್ನೂ ಹುಟ್ಟಿರಲಿಲ್ಲ. 2020ರ ಹೊಸ ನೀತಿಯಲ್ಲೂ ಅದೇ 6 ಇದೆ. ಪ್ರತಿ ಪರೀಕ್ಷೆಗೂ ನಾವು ಇದನ್ನು ಬಾಯಿಪಾಠ ಮಾಡುತ್ತೇವೆ, ಮಾರ್ಕ್ಸೂ ಬರುತ್ತೆ.

ಹಾಗಾದರೆ ನೀನೇ ನಿಲ್ಲು ಅಂತ ಚಹಾ ಗುಂಪಿನವರು ಚೇಷ್ಟೆ ಮಾಡುತ್ತಾರೆ. ನನಗೀಗ 23. ಗ್ರಾಮ ಪಂಚಾಯಿತಿಗೆ 21 ಆದರೆ ಸಾಕು, ಲೋಕಸಭೆಗೆ 25 ಆಗಬೇಕು. ಮಹಿಳೆಯರಿಗೆ ಮೂರನೇ ಒಂದು ಭಾಗ ಸೀಟು ಅಂತ 2023ರಲ್ಲಿ ಸಂವಿಧಾನ ತಿದ್ದುಪಡಿಯೇ ಆಗಿದೆ, ಆದರೆ ಜನಗಣತಿ ಆಗಿ, ಕ್ಷೇತ್ರ ವಿಂಗಡಣೆ ಆದ ಮೇಲೆ ಅಂತೆ. ಅಲ್ಲಿಯವರೆಗೆ ಟಿಇಟಿ ಪಾಸಾಗೋಣ ಅಂತಿದ್ದೇನೆ. ಮೇಷ್ಟ್ರಾದರೆ ಶಾಲೆಯ ಕೀಲಿಯಾದರೂ ಕೈಗೆ ಬರುತ್ತೆ, ಅಲ್ವಾ?

ಸೇರುವವರು ಮಾರ್ಚ್ ಮುಗಿಯುವ ಮೊದಲೇ ಹೋಗಿ. ಪಿಯುಸಿ ಪರೀಕ್ಷೆ ಮುಗಿದ ಮೇಲೆ ಸಿಇಟಿ ಹುಡುಗರು ತುಂಬಿಬಿಡುತ್ತಾರೆ, ಸೀಟು ಸಿಗುವುದಿಲ್ಲ. ಪಶ್ಚಿಮದ ಕಿಟಕಿ ಪಕ್ಕದ ಸೀಟು ಕೊಟ್ಟರೆ ಬೇಡ ಅನ್ನಿ, ಮಧ್ಯಾಹ್ನ ಮೂರರ ಮೇಲೆ ಕೂರಲು ಆಗುವುದಿಲ್ಲ. ಮೂರು ತಿಂಗಳದ್ದು ಒಟ್ಟಿಗೆ ಕೊಟ್ಟರೆ ಕಾಕಾ 200 ಬಿಡುತ್ತಾರೆ, ಆದರೆ ಕೇಳಬೇಕು, ತಾವಾಗಿ ಹೇಳುವುದಿಲ್ಲ. ಹುಡುಗಿಯರು ಸೇರುವಾಗಲೇ ಒಂಬತ್ತರವರೆಗೆ ಬಿಡಿ ಅಂತ ಕೇಳಿ. ಈಗ ನಾವು ಆರು ಜನ ಕೇಳುತ್ತಿದ್ದೇವೆ, ಹತ್ತಾದರೆ ಒಪ್ಪಬಹುದು. ಐದಕ್ಕೆ ಮೂರೂವರೆ ಸ್ಟಾರ್. ಟಾಯ್ಲೆಟ್ ಬೋಲ್ಟ್ ಸರಿ ಮಾಡಿಸಿದ ದಿನ ನಾಲ್ಕು ಮಾಡುತ್ತೇನೆ.