ಉಪ್ಪಿಗಾಗಿ ಜೀವ ಹಪಹಪಿಸುತ್ತಿದ್ದರೆ, ಉಪ್ಪು ಬಿಡುವ ಮೊದಲು ರಕ್ತ ಪರೀಕ್ಷೆ ಮಾಡಿಸಿ

ನಾನು ಮಾಡಿದ ತಪ್ಪನ್ನು ದಯವಿಟ್ಟು ನೀವು ಮಾಡಬೇಡಿ. ಹೋದ ವರ್ಷ ತಿಂಗಳುಗಟ್ಟಲೆ ಎಷ್ಟು ಉಪ್ಪು ತಿಂದರೂ ನನಗೆ ಸಾಲುತ್ತಿರಲಿಲ್ಲ. ರಾತ್ರಿ ಎದ್ದು ಉಪ್ಪಿನ ಹರಳು ಚೀಪಿದ್ದೂ ಉಂಟು. ಮನೆಯವರು ಬಾಯಿಚಪಲ ಅಂದರು, ಬಿಪಿ ಏರುತ್ತದೆ ಎಂದು ಹೆದರಿಸಿದರು. ಹಟ ಹಿಡಿದು ಉಪ್ಪು ಪೂರ್ತಿ ಬಿಟ್ಟೆ. ಹತ್ತು ದಿನವೂ ಕಳೆದಿರಲಿಲ್ಲ, ಬಚ್ಚಲಲ್ಲಿ ಕುಸಿದು ಬಿದ್ದೆ.

ಆಸ್ಪತ್ರೆಯಲ್ಲಿ ಬಿಪಿಯ ಮೇಲಿನ ಅಂಕಿ 70. ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನ ಅಂಶ, 118, ಇರಬೇಕಾದ್ದು 135ರಿಂದ 145. ಪೊಟ್ಯಾಸಿಯಂ ಮಾತ್ರ 6.4ಕ್ಕೆ ಏರಿತ್ತು.

ಅದು ಅಡಿಸನ್ ಕಾಯಿಲೆ. 1855ರಲ್ಲೇ ಥಾಮಸ್ ಅಡಿಸನ್ ಎಂಬ ವೈದ್ಯರು ವಿವರಿಸಿದ್ದು. ಮೂತ್ರಪಿಂಡಗಳ ನೆತ್ತಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳನ್ನು ನನ್ನದೇ ರೋಗನಿರೋಧಕ ಶಕ್ತಿ ಹಾಳುಮಾಡಿತ್ತು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಅದರಲ್ಲಿನ ಉಪ್ಪಿನ ಬಹುಪಾಲು ಹೇಗೂ ರಕ್ತಕ್ಕೆ ಮರಳುತ್ತದೆ. ಕೊನೆಗೆ ಉಳಿಯುವ ಚೂರುಪಾರನ್ನು ಎಳೆದುಕೊಂಡು, ಪೊಟ್ಯಾಸಿಯಂ ಹೊರಗೆ ಹಾಕಿಸುವುದು ಅಡ್ರಿನಲ್‌ನ ಅಲ್ಡೋಸ್ಟಿರೋನ್ ಹಾರ್ಮೋನು. ಅದಿಲ್ಲದೆ ನನ್ನ ಉಪ್ಪು ಮೂತ್ರದಲ್ಲಿ ಸೋರಿಹೋಗುತ್ತಿತ್ತು, ಜೊತೆಗೆ ನೀರೂ. ಮೈ ಉಪ್ಪು ಕೇಳಿದ್ದು ಬದುಕಿಕೊಳ್ಳಲಿಕ್ಕೆ. ನಾನು ಅದನ್ನೂ ತಪ್ಪಿಸಿದೆ.

ನನಗೆ ಈಗಲೂ ಸಂಕಟವಾಗುವುದು ಕಣ್ಣೆದುರೇ ಇದ್ದ ಇನ್ನೊಂದು ಗುರುತಿಗೆ. ಮುಖ ಕಪ್ಪಾಗುತ್ತಿತ್ತು, ಎಲ್ಲರೂ ಬಿಸಿಲು ಅಂದುಕೊಂಡೆವು. ಆದರೆ ಅಂಗೈ ಗೆರೆಗಳೂ ವಸಡೂ ಕಪ್ಪಾಗಿದ್ದವು. ಅಲ್ಲಿಗೆ ಯಾವ ಬಿಸಿಲು? ಅಡ್ರಿನಲ್ ಕೆಲಸ ಮಾಡದಿದ್ದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅದನ್ನು ಎಬ್ಬಿಸಲು ಎಸಿಟಿಎಚ್ ಹಾರ್ಮೋನನ್ನು ಮಿತಿಮೀರಿ ಸುರಿಸುತ್ತದೆ, ಅದು ಚರ್ಮದ ಬಣ್ಣದ ಕೋಶಗಳನ್ನೂ ಕೆರಳಿಸುತ್ತದೆ. ತೂಕ ಇಳಿದಿತ್ತು, ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಒಬ್ಬ ವೈದ್ಯರು ನಿಶ್ಶಕ್ತಿ ಎಂದು ವಿಟಮಿನ್ ಕೊಟ್ಟು ಕಳಿಸಿದ್ದರು.

ಬಿಪಿ ಇರುವವರು ಇದನ್ನು ಓದಿ ಉಪ್ಪು ಹೆಚ್ಚಿಸಬೇಡಿ, ಅದು ಬೇರೆಯೇ ವಿಷಯ. ಆದರೆ ಉಪ್ಪಿನ ಬಯಕೆ, ಮೈ ಕಪ್ಪಾಗುವುದು, ನಿಂತಾಗ ತಲೆ ತಿರುಗುವುದು ಮೂರೂ ಒಟ್ಟಿಗೆ ಬಂದರೆ ಸೋಡಿಯಂ, ಪೊಟ್ಯಾಸಿಯಂ, ಬೆಳಿಗ್ಗೆಯ ಕಾರ್ಟಿಸೋಲ್ (ಅಡ್ರಿನಲ್‌ನ ಇನ್ನೊಂದು ಹಾರ್ಮೋನು) ಪರೀಕ್ಷೆ ಕೇಳಿ ಮಾಡಿಸಿ.

ಈಗ ಆ ಹಾರ್ಮೋನುಗಳ ಬದಲಿಗೆ ದಿನಾ ಹೈಡ್ರೊಕಾರ್ಟಿಸೋನ್, ಫ್ಲೂಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗುತ್ತೇನೆ, ಬದುಕಿರುವವರೆಗೂ. ನನ್ನಂಥವರು ಯಾರಾದರೂ ಓದುತ್ತಿದ್ದರೆ: ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರಿ ಇವನ್ನು ನಿಲ್ಲಿಸಬೇಡಿ. ವಾಂತಿಯಾಗಿ ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಹೈಡ್ರೊಕಾರ್ಟಿಸೋನ್ ಚುಚ್ಚುಮದ್ದಿಗೆ ಆಗಲೇ ಹೊರಡಿ.